ಟರ್ಕಿ ಎಲ್ಲಿಗೆ ಹೊರಟಿದೆ?

ನ್ಯೂಯಾರ್ಕ್ ಎಂದೊಡನೆ ನಮ್ಮವರಿಗೆ ನೆನಪಾಗುವ ಮಹಾನಗರದಿಂದ ಸುಮಾರು ಮೂರು ಗಂಟೆ ಕಾರು ಓಡಿಸಿದರೆ ಅದೇ ಹೆಸರಿನ ರಾಜ್ಯದ ದಕ್ಷಿಣದ ಅಂಚು ಸಿಗುತ್ತದೆ. ಪೆನ್ಸಿಲ್ವೇನಿಯಾದ ಗಡಿಗೆ ಒತ್ತಿಕೊಂಡಿರುವ ಈ ಗುಡ್ಡಗಾಡಿಗೆ ಸದರ್ನ್ ಟಿಯರ್ ಎಂದು ಹೆಸರು. ಬಿಂಗ್‌ಹ್ಯಾಮ್ಟನ್ ಊರು, ಅದನ್ನು ಹಾದುಹೋಗುವ ಸಸ್ಕ್ವೆಹಾನಾ ನದಿ, ಸುತ್ತಲೂ ಹೈನುಗಾರರ ಹುಲ್ಲುಗಾವಲುಗಳು, ಅವುಗಳ ಮೇಲಕ್ಕೆ ಓಕ್, ಬೀಚ್, ಮೇಪಲ್, ಹೆಮ್‌ಲಾಕ್ ಮರಗಳ ಕಾಡು. ನಾನು ಮಲೆನಾಡಿನವನು. ಕೆಲಸ ಇಲ್ಲಿಗೆ ತಂದು ಹಾಕಿತು. ಗುಡ್ಡ ಮತ್ತು ಕೆಸರು ಎರಡೂ ಪರಿಚಿತವಾಗಿದ್ದುದರಿಂದ ಇಲ್ಲಿಯೇ ಉಳಿದುಕೊಂಡೆ.

ಏಪ್ರಿಲ್ ತಿಂಗಳಲ್ಲಿ ಈ ಊರುಗಳ ಅರ್ಧದಷ್ಟು ಗಂಡಸರು ಮತ್ತು ಸಾಕಷ್ಟು ಹೆಂಗಸರು ನಸುಕಿಗೇ ಎದ್ದು ಎಲ್ಲೋ ಹೋಗಿ, ಏನನ್ನೂ ತರದೆ, ಯಾರಿಗೂ ಏನನ್ನೂ ಹೇಳದೆ ಕೆಲಸಕ್ಕೆ ಹಾಜರಾಗುತ್ತಾರೆ. ಬೂಟಿನ ಕೆಸರು ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಅವರು ಟರ್ಕಿ ಎಂಬ ಕೋಳಿ ಜಾತಿಯ ಕಾಡುಹಕ್ಕಿಗಳ ಜಾಡು ನೋಡಲು ಹೋಗಿರುತ್ತಾರೆ. ಬೇಟೆಯ ಋತು ತೆರೆಯುವುದು ಮೇ 1ಕ್ಕೆ, ಮುಗಿಯುವುದು ಮೇ 31ಕ್ಕೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಮಧ್ಯಾಹ್ನ ಹನ್ನೆರಡರ ತನಕ ಮಾತ್ರ ಅವಕಾಶ. ಇಡೀ ಋತುವಿಗೆ ಒಬ್ಬರಿಗೆ ಎರಡು ಹಕ್ಕಿ, ದಿನಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಅದೂ ಎದೆಯಲ್ಲಿ ಗಡ್ಡ ಇಳಿಬಿದ್ದಿರುವ ಹಕ್ಕಿಯೇ ಆಗಿರಬೇಕು. ಇಷ್ಟು ಕಡಿಮೆ ದಕ್ಕುವ ವಸ್ತುವಿಗಾಗಿ ಇಷ್ಟೊಂದು ನಿದ್ದೆ ಕಳೆದುಕೊಳ್ಳುವುದೇಕೆ ಎಂದು ಮೊದಮೊದಲು ನನಗೂ ಅನಿಸುತ್ತಿತ್ತು.

ಕಾರಣ ಹಕ್ಕಿಯ ಸ್ವಭಾವದಲ್ಲಿದೆ. ವಸಂತದಲ್ಲಿ ಹುಂಜ ತನಗೆ ಒಪ್ಪುವ ಒಂದು ಜಾಗ ಹಿಡಿದು, ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ, ರೆಕ್ಕೆ ನೆಲಕ್ಕೆ ತಾಗಿಸಿ ಮೆರೆಯುತ್ತದೆ. ನಡುನಡುವೆ ಗಂಟಲು ಅಲ್ಲಾಡಿಸಿ ಗೊಳಗೊಳನೆ ಕೂಗುತ್ತದೆ. ಹೇಂಟೆಗಳು ಆ ಕೂಗನ್ನು ಕೇಳಿ ಅದರ ಬಳಿಗೆ ನಡೆದು ಬರುತ್ತವೆ. ಇದು ಪ್ರಕೃತಿಯ ಕ್ರಮ. ಬೇಟೆಗಾರ ಮಾಡಹೊರಡುವುದು ಇದರ ತಿರುವುಮುರುವು. ಮರದ ಬುಡಕ್ಕೆ ಬೆನ್ನು ಕೊಟ್ಟು ಕುಳಿತು, ಮರದ ಪೆಟ್ಟಿಗೆಯನ್ನೋ ಸ್ಲೇಟಿನ ಬಿಲ್ಲೆಯನ್ನೋ ತೀಡಿ ಹೇಂಟೆಯ ಹಾಗೆ ದನಿ ಮಾಡಿ, ಹುಂಜವೇ ಎದ್ದು ತನ್ನ ಬಳಿಗೆ ಬರಲಿ ಎಂದು ಕಾಯುತ್ತಾನೆ. ಹುಂಜದ ದೃಷ್ಟಿಯಲ್ಲಿ ಇದೊಂದು ಅಧಿಕಪ್ರಸಂಗ. ಕೂಗಿ ಕೂಗಿ ಉತ್ತರ ಕೊಡುತ್ತದೆ, ನಿಂತಲ್ಲಿಂದ ಕದಲುವುದಿಲ್ಲ. ಬರಬೇಕಾದವಳು ನೀನು, ನಾನಲ್ಲ ಎಂಬ ಧೋರಣೆ.

ನಮ್ಮ ನೆರೆಮನೆಯ ಹಿರಿಯರು, ದಶಕಗಳ ಕಾಲ ಹಸು ಕಟ್ಟಿ ಈಗ ಕೊಟ್ಟಿಗೆ ಖಾಲಿ ಮಾಡಿಕೊಂಡವರು, ಇದನ್ನು ಒಂದೇ ಮಾತಿನಲ್ಲಿ ಬಿಡಿಸಿದರು. ಟರ್ಕಿ ನಾವು ಕರೆದಲ್ಲಿಗೆ ಬರುವುದಿಲ್ಲ. ಅದು ಹೇಗೂ ಹೊರಟಿದ್ದ ಕಡೆ ನಾವು ಮೊದಲೇ ಕುಳಿತಿದ್ದರೆ, ನಮ್ಮ ಕರೆಗೆ ಬಂದಂತೆ ಕಾಣುತ್ತದೆ ಅಷ್ಟೆ. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಕರೆಯುವ ಸಾಧನಗಳ ಬಗ್ಗೆ ಅವರಿಗೆ ಅಂಥ ಗೌರವವಿಲ್ಲ. ಅವರ ಜೇಬಿನಲ್ಲಿರುವುದು ತಂದೆಯ ಕಾಲದ ಒಂದೇ ಒಂದು ಪೆಟ್ಟಿಗೆ. ಏಪ್ರಿಲ್ ಪೂರ್ತಿ ಅದು ಜೇಬಿನಿಂದ ಹೊರಗೆ ಬರುವುದೇ ಇಲ್ಲ.

ಅವರ ಜಾಡು ನೋಡುವ ಕೆಲಸ ಚಳಿಗಾಲದಲ್ಲೇ ಶುರುವಾಗುತ್ತದೆ. ಹಿಮ ಮೊಣಕಾಲೆತ್ತರ ಬಿದ್ದಾಗ ಟರ್ಕಿಗಳು ದೊಡ್ಡ ದೊಡ್ಡ ಗುಂಪುಗಳಾಗಿ ಸೇರಿ, ಹೈನುಗಾರರು ಗದ್ದೆಗೆ ಹರಡಿದ ಸಗಣಿ ಗೊಬ್ಬರದ ಮೇಲೆ ಇಳಿಯುತ್ತವೆ. ಹಸುವಿನ ಹೊಟ್ಟೆಯಲ್ಲಿ ಕರಗದೆ ಉಳಿದ ಜೋಳದ ಕಾಳು ಅವಕ್ಕೆ ಸಿಗುತ್ತದೆ. ಎಲ್ಲಿ ಎಷ್ಟು ಹಕ್ಕಿ ಕಂಡಿತೆಂದು ಅವರು ಗಮನಿಸಿಟ್ಟುಕೊಳ್ಳುತ್ತಾರೆ. ಆದರೆ ಆ ಲೆಕ್ಕವನ್ನು ನಂಬಿ ಮೇ ತಿಂಗಳಲ್ಲಿ ಅದೇ ಗದ್ದೆಯ ಅಂಚಿಗೆ ಹೋಗಿ ಕೂರುವವರನ್ನು ಕಂಡರೆ ನಗುತ್ತಾರೆ. ಹಿಮ ಕರಗಿದ ಕೂಡಲೇ ಗುಂಪು ಒಡೆಯುತ್ತದೆ. ಹೇಂಟೆಗಳು ಮೊಟ್ಟೆಯಿಡಲು ಜಾಗ ಹುಡುಕುತ್ತ ಚದುರುತ್ತವೆ. ಹುಂಜಗಳು ತಮ್ಮೊಳಗೆ ಕಾದಾಡಿ ಯಾರು ಮೇಲು ಎಂದು ತೀರ್ಮಾನ ಮಾಡಿಕೊಂಡು ಹೇಂಟೆಗಳ ಹಿಂದೆ ಹೋಗುತ್ತವೆ. ಫೆಬ್ರವರಿಯಲ್ಲಿ ನಲವತ್ತು ಹಕ್ಕಿಯಿದ್ದ ಗದ್ದೆಯಲ್ಲಿ ಏಪ್ರಿಲ್ ಕೊನೆಗೆ ಒಂದೂ ಇಲ್ಲದಿರಬಹುದು. ಚಳಿಗಾಲದ ಗುಂಪು ಹೇಳುವುದು ಸುತ್ತಮುತ್ತ ಹಕ್ಕಿಗಳಿವೆ ಎಂಬುದನ್ನು ಮಾತ್ರ.

ಹಾಗಾಗಿ ಏಪ್ರಿಲ್‌ನಲ್ಲಿ ಕಾಡಿನ ನೆಲವನ್ನು ಹೊಸದಾಗಿ ಓದಬೇಕಾಗುತ್ತದೆ. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಮೊದಲು ಕಾಣುವುದು ಕೆದರು. ಓಕ್ ಕಾಯಿ, ಬೀಚ್ ಕಾಯಿ, ಹುಳುಗಳಿಗಾಗಿ ಟರ್ಕಿ ತರಗೆಲೆಯನ್ನು ಕಾಲಿನಿಂದ ಹಿಂದಕ್ಕೆ ಎಳೆದು ಹಾಕುತ್ತದೆ. ಎಲೆಯ ರಾಶಿ ಯಾವ ಕಡೆಗೆ ಬಿದ್ದಿದೆಯೋ ಅದರ ವಿರುದ್ಧ ದಿಕ್ಕಿಗೆ ಹಕ್ಕಿ ಮುಖ ಮಾಡಿತ್ತು. ಇಳಿಜಾರು ಪೂರ್ತಿ ಇಂಥ ಕೆದರುಗಳಿದ್ದರೆ ಅವೆಲ್ಲ ಸೇರಿ ಗುಂಪು ಯಾವ ಕಡೆಗೆ ಸಾಗಿತೆಂದು ಹೇಳುತ್ತವೆ. ಕೆದರಿದ ನೆಲ ಹಸಿಯಾಗಿ ಕಪ್ಪಗಿದ್ದರೆ ಇಂದಿನದು. ಒಣಗಿ ಅದರ ಮೇಲೆ ಹೊಸ ಎಲೆ ಉದುರಿದ್ದರೆ ಹಳೆಯದು. ಅಳಿಲು ಕೂಡ ಕೆದರುತ್ತದೆ, ಆದರೆ ಅದು ಅಲ್ಲಲ್ಲಿ ಸಣ್ಣ ಗುಳಿ ತೋಡಿ ಬಿಡುತ್ತದೆ. ಟರ್ಕಿ ಎಲೆಯನ್ನು ಅಗಲವಾಗಿ ಸರಿಸಿ ನೆಲವನ್ನೇ ಬೋಳು ಮಾಡುತ್ತದೆ.

ಆಮೇಲೆ ಹಿಕ್ಕೆ. ಹುಂಜದ ಹಿಕ್ಕೆ ಉದ್ದವಾಗಿದ್ದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ; ಹೇಂಟೆಯದು ಸುರುಳಿ ಸುತ್ತಿ ಗುಪ್ಪೆಯಾಗಿರುತ್ತದೆ. ಊಟದ ಮೇಜಿನಲ್ಲಿ ಎತ್ತುವ ವಿಷಯವಲ್ಲ, ಆದರೂ ಇಲ್ಲಿಯ ಊಟದ ಮೇಜುಗಳಲ್ಲಿ ಇದರ ಚರ್ಚೆಯನ್ನು ನಾನು ಕೇಳಿದ್ದೇನೆ. ಎದೆಯ ಗರಿ ಉದುರಿದ್ದರೆ ಅದರ ಅಂಚು ನೋಡಬೇಕು. ಕಪ್ಪು ಅಂಚಾದರೆ ಹುಂಜ, ಮಾಸಲು ಕಂದಾದರೆ ಹೇಂಟೆ. ಕೆಸರಿನಲ್ಲಿ ಮೂಡಿದ ಹೆಜ್ಜೆಯಲ್ಲಿ ನಡುಬೆರಳು ಎಷ್ಟು ಉದ್ದ ಎಂದು ಅಳೆಯಬೇಕು. ಇವೆಲ್ಲಕ್ಕಿಂತ ನಮ್ಮ ಹಿರಿಯರು ಹೆಚ್ಚು ಬೆಲೆ ಕೊಡುವ ಗುರುತು ಬೇರೆ. ಹಳೆಯ ನಾಟಾ ದಾರಿಗಳ ಮೆದುಮಣ್ಣಿನಲ್ಲಿ ಹೆಜ್ಜೆಗಳ ಎರಡೂ ಪಕ್ಕಕ್ಕೆ ಸಮಾನಾಂತರವಾಗಿ ಗೀರು ಬಿದ್ದಿರುತ್ತವೆ. ಮೆರೆಯುವಾಗ ಹುಂಜ ರೆಕ್ಕೆಯ ತುದಿ ಎಳೆದು ಮಾಡಿದ ಗೀರು ಅದು. ಹಿಕ್ಕೆ ಮತ್ತು ಹೆಜ್ಜೆ ಹಕ್ಕಿ ಇಲ್ಲಿ ಹಾದುಹೋಯಿತೆಂದು ಹೇಳುತ್ತವೆ. ಗೀರಾದರೋ ಹಕ್ಕಿಗೆ ಈ ಜಾಗ ಇಷ್ಟ ಎಂದು ಹೇಳುತ್ತದೆ. ಅಂಥ ಗೀರು ಸಿಕ್ಕರೆ ಅವರು ಮಾತನಾಡದೆ ಸುತ್ತ ನೋಡುತ್ತಾರೆ. ಯಾವ ಮರಕ್ಕೆ ಬೆನ್ನು ಕೊಟ್ಟರೆ ಇದು ಕಾಣುತ್ತದೆ, ಬೆಳಗಿನ ಬಿಸಿಲು ಯಾರ ಕಣ್ಣಿಗೆ ಬೀಳುತ್ತದೆ, ಹಕ್ಕಿ ಯಾವ ತಿರುವಿನಿಂದ ಬಂದೀತು. ಆಮೇಲೆ ಬಂದ ದಾರಿಯಲ್ಲೇ ವಾಪಸು. ಆ ಜಾಗಕ್ಕೆ ಮತ್ತೆ ಮತ್ತೆ ಹೋಗುವುದಿಲ್ಲ.

ಈ ಓದು ನನಗೆ ಪೂರಾ ಹೊಸದಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ದೊಡ್ಡಪ್ಪ ತೋಟದ ಅಂಚಿನಲ್ಲಿ ನಡೆಯುತ್ತ, ಇದು ಕಾಡುಕೋಳಿ ಕೆದರಿದ್ದು, ಇದು ಹಂದಿ ಮುಸುಡಿಯಿಂದ ಉತ್ತದ್ದು, ಇದು ನಿನ್ನೆಯದು, ಇದು ಈಗಷ್ಟೇ ಎನ್ನುತ್ತಿದ್ದರು. ಅವರ ತೋಟಾ ಕೋವಿ ಬೆಳೆರಕ್ಷಣೆಯ ಪರವಾನಗಿಯದು; ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಎನ್ನುವುದು ಹಳೆಯ ಕತೆಯಾಯಿತು, ಅಥವಾ ಹಾಗೆಂದು ಎಲ್ಲರೂ ಹೇಳತೊಡಗಿದರು. ಕಾಯ್ದೆ ಬರಲೇಬೇಕಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಕಾಡಿನಲ್ಲಿ ಏನು ಉಳಿದಿದೆಯೋ ಅದರಿಂದಾಗಿಯೇ ಉಳಿದಿದೆ. ಆದರೆ ಅದರ ಜೊತೆಗೆ ನೆಲ ನೋಡುವ ಈ ವಿದ್ಯೆಯೂ ಪಿಸುಮಾತಿಗೆ ಇಳಿಯಿತು. ದೊಡ್ಡಪ್ಪ ತಿಳಿದದ್ದನ್ನು ಮಕ್ಕಳಿಗೆ ಹೇಳಿಕೊಡಲು ಹಿಂಜರಿಯುತ್ತಿದ್ದರು. ಇಲ್ಲಿ ಅದನ್ನು ಸರ್ಕಾರವೇ ತರಗತಿ ನಡೆಸಿ ಕಲಿಸುತ್ತದೆ. ಆ ತರಗತಿ ಮುಗಿಸದವರಿಗೆ ಪರವಾನಗಿ ಕೊಡುವುದೇ ಇಲ್ಲ.

ನೆಲ ಕಲಿಸುವುದು ಹಗಲಿನ ಪಾಠ. ನಸುಕಿನದು ಕಿವಿಯ ಪಾಠ. ಟರ್ಕಿ ದೊಡ್ಡ ಹಕ್ಕಿ, ಬಲಿತ ಹುಂಜ ಎಂಟು ಒಂಬತ್ತು ಕಿಲೋ ತೂಗುತ್ತದೆ. ಆದರೂ ರಾತ್ರಿ ಕಳೆಯುವುದು ಮರದ ಮೇಲೆ. ಇರುಳಿನಲ್ಲಿ ಅದಕ್ಕೆ ಕಣ್ಣು ಚೆನ್ನಾಗಿ ಕಾಣುವುದಿಲ್ಲ. ನೆಲದ ಮೇಲಿದ್ದರೆ ನರಿಗೋ ಕಯೋಟಿಗೋ ತುತ್ತು. ಎತ್ತರದ ಬಿಳಿ ಪೈನ್, ಗುಡ್ಡದ ಪಕ್ಕದ ಓಕ್, ತೊರೆಯ ಮೇಲೆ ಬಾಗಿದ ಹೆಮ್‌ಲಾಕ್ ಅದಕ್ಕೆ ಮೆಚ್ಚು. ಸೂರ್ಯ ಹುಟ್ಟುವುದಕ್ಕೆ ಮುಕ್ಕಾಲು ಗಂಟೆ ಇರುವಾಗಲೇ ಕೊಂಬೆಯ ಮೇಲಿಂದ ಮೊದಲ ಕೂಗು ಹೊರಡುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಿಲ್ಲದ ಬೆಳಗ್ಗೆ ನಿಂತರೆ ಒಂದು ಮೈಲಿ ಆಚೆಯದೂ ಕೇಳುತ್ತದೆ.

ತಾನಾಗಿ ಕೂಗದಿದ್ದರೆ ಕೂಗಿಸುವ ಉಪಾಯವಿದೆ. ಇಲ್ಲಿಯ ಬಾರ್ಡ್ ಗೂಬೆ ಎಂಟು ಸ್ವರಗಳಲ್ಲಿ ಹೂಂಕರಿಸುತ್ತದೆ. ನಮ್ಮ ಹಿರಿಯರು ಎರಡೂ ಅಂಗೈ ಬಾಯಿಗೆ ಹಿಡಿದು ಅದನ್ನು ಹಾಗೆ ಹಾಗೆಯೇ ಒಪ್ಪಿಸುತ್ತಾರೆ. ಕೇಳಿದ ಹುಂಜ ಯೋಚಿಸದೆ ತಿರುಗಿ ಕೂಗಿಬಿಡುತ್ತದೆ. ಕಾಗೆಯ ದನಿಗೂ, ಗುಡುಗಿಗೂ, ಕಾರಿನ ಬಾಗಿಲು ಬಡಿದ ಸದ್ದಿಗೂ ಹೀಗೆಯೇ. ಅದು ಉತ್ತರವಲ್ಲ, ಉಕ್ಕಿದ ಮದಕ್ಕೆ ಬೆಚ್ಚಿಬೀಳುವ ಪರಿ. ಇದರಲ್ಲಿ ಲಾಭವೆಂದರೆ ಹುಂಜ ಎಲ್ಲಿದೆ ಎಂದು ಗೊತ್ತಾಗುತ್ತದೆ, ನಾವು ಎಲ್ಲಿದ್ದೇವೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಹೇಂಟೆಯ ದನಿಯನ್ನು ಮಾತ್ರ ಏಪ್ರಿಲ್‌ನಲ್ಲಿ ಮಾಡಕೂಡದು. ಕೂಗಿಗೆ ಓಗೊಟ್ಟು ಬಂದ ಹುಂಜ ಅಲ್ಲಿ ಹೇಂಟೆಯ ಬದಲು ಮನುಷ್ಯನನ್ನು ಕಂಡಿತೆಂದರೆ ಮೇ ತಿಂಗಳ ಕರೆಗಳನ್ನೆಲ್ಲ ಅದು ಅನುಮಾನದಿಂದಲೇ ಕೇಳುತ್ತದೆ. ಹೊಸ ಉಮೇದಿನ ಹುಡುಗರು ಋತುವಿಗೆ ಮುಂಚೆಯೇ ಪೆಟ್ಟಿಗೆ ತೀಡಿ, ಹುಂಜ ಹತ್ತಿರ ಬಂದದ್ದನ್ನು ಮೊಬೈಲಿನಲ್ಲಿ ಚಿತ್ರಿಸಿ ಸಂಭ್ರಮಿಸುತ್ತಾರೆ. ಅವರನ್ನು ಬೈಯುವಾಗ ನಮ್ಮ ಹಿರಿಯರ ಮುಖ ಹುಂಜದ ಕತ್ತಿನ ಬಣ್ಣಕ್ಕೆ ತಿರುಗುತ್ತದೆ.

ಆ ಕತ್ತಿನ ಬಣ್ಣದ ಬಗ್ಗೆ ಒಂದು ಮಾತು. ಹುಂಜದ ಬೋಳುತಲೆ ಕೆಂಪು, ಬಿಳಿ, ನೀಲಿಗಳ ನಡುವೆ ಕ್ಷಣಕ್ಷಣಕ್ಕೆ ಹೊರಳುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಕುಗ್ಗುವುದರಿಂದ ಆಗುವ ಬದಲಾವಣೆ ಅದು. ಇದನ್ನು ಬೆರಗಿನಿಂದ ಬರೆದಿಟ್ಟವರಲ್ಲಿ ಮೊಗಲ್ ದೊರೆ ಜಹಾಂಗೀರನೂ ಒಬ್ಬ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ಕೊಂಡು ತಂದ ವಿಚಿತ್ರ ಪ್ರಾಣಿಗಳಲ್ಲಿ ಒಂದು ಟರ್ಕಿ ಹುಂಜವೂ ಇತ್ತು. ಅದರ ತಲೆ ಒಮ್ಮೆ ಹವಳದ ಕೆಂಪು, ಒಮ್ಮೆ ಹತ್ತಿಯ ಬಿಳುಪು ಆಗುವುದನ್ನು ಕಂಡು ಅವನು ಅದನ್ನು ಊಸರವಳ್ಳಿಗೆ ಹೋಲಿಸಿದ. ಆಸ್ಥಾನದ ಕಲಾವಿದ ಉಸ್ತಾದ್ ಮನ್ಸೂರ್ ಬರೆದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ನಮ್ಮ ಕರಾವಳಿಯ ಪಕ್ಕದ ಬಂದರಿನಲ್ಲಿ ಇಳಿದ ಆ ಹಕ್ಕಿ ಮೆಕ್ಸಿಕೋದ ಜನ ಬಹಳ ಹಿಂದೆಯೇ ಪಳಗಿಸಿದ ಸಾಕುತಳಿಯದು. ಇಲ್ಲಿಯ ಕಾಡಿನ ಹುಂಜ ಅದರ ದಾಯಾದಿ. ಇಬ್ಬರ ಬುದ್ಧಿಗೂ ಎಷ್ಟು ಅಂತರವಿದೆ ಎಂಬುದನ್ನು ನ್ಯೂಯಾರ್ಕ್ ರಾಜ್ಯ ದುಡ್ಡು ಸುರಿದು ಕಲಿತುಕೊಂಡಿತು.

ಆ ಕತೆ ಹೀಗಿದೆ. 1840ರ ದಶಕದ ಮಧ್ಯದ ಹೊತ್ತಿಗೆ ಈ ರಾಜ್ಯದಲ್ಲಿ ಕಾಡು ಟರ್ಕಿ ಪೂರ್ತಿ ಅಳಿದುಹೋಗಿತ್ತು. ಕಾಡು ಕಡಿದು ಹೊಲ ಮಾಡಿದ್ದರು, ಉಳಿದ ಹಕ್ಕಿಯನ್ನು ಮಿತಿಯಿಲ್ಲದೆ ಹೊಡೆದು ತಿಂದಿದ್ದರು. ಆಮೇಲೆ ಗುಡ್ಡದ ತೆಳುಮಣ್ಣು ಸೋತಿತು. ರೈತರು ಪಶ್ಚಿಮಕ್ಕೋ ಪಟ್ಟಣಕ್ಕೋ ಹೊರಟುಹೋದರು. 1930ರ ದಶಕದಲ್ಲಿ ಸರ್ಕಾರ ಪಾಳುಬಿದ್ದ ಜಮೀನುಗಳನ್ನು ಕೊಂಡು, ಕೆಲಸವಿಲ್ಲದ ಯುವಕರ ಕೈಯಲ್ಲಿ ಪೈನ್ ಮತ್ತು ಸ್ಪ್ರೂಸ್ ಸಸಿಗಳನ್ನು ಸಾಲಾಗಿ ನೆಡಿಸಿತು. ಉಳಿದ ಕಡೆ ಕಾಡು ತಾನಾಗಿಯೇ ಹಬ್ಬಿತು. ಇಂದು ರಾಜ್ಯದ ಅರ್ಧಕ್ಕಿಂತ ಹೆಚ್ಚು ನೆಲ ಕಾಡು. ದಟ್ಟ ಮರಗಳ ನಡುವೆ ನಡೆಯುವಾಗ ಇದ್ದಕ್ಕಿದ್ದಂತೆ ಕಲ್ಲಿನ ಬೇಲಿಯೊಂದು ಅಡ್ಡ ಬರುತ್ತದೆ; ಒಂದು ಕಾಲದ ಹೊಲದ ಗಡಿ ಅದು. ಅದರ ಉದ್ದಕ್ಕೂ ಟರ್ಕಿಗಳ ಕಾಲುದಾರಿ ಇರುತ್ತದೆ, ಬೇಲಿ ಕುಸಿದ ಜಾಗದಲ್ಲಿ ಅವು ದಾಟುತ್ತವೆ. ಹಾರಬಲ್ಲ ಹಕ್ಕಿ ಮೊಣಕಾಲೆತ್ತರದ ಗೋಡೆ ಹಾರದೆ ಸುತ್ತಿಕೊಂಡು ಏಕೆ ಹೋಗುತ್ತದೆ ಎಂದು ಕೇಳಿದೆ. ಹಸುವೂ ಹಾಗೆಯೇ ಎಂದರು ನಮ್ಮ ಹಿರಿಯರು. ನಡೆಯುವ ಪ್ರಾಣಿಗೆ ನಡೆಯುವ ದಾರಿಯೇ ಇಷ್ಟ.

1948ರ ಸುಮಾರಿಗೆ ಪೆನ್ಸಿಲ್ವೇನಿಯಾದಲ್ಲಿ ಉಳಿದಿದ್ದ ಕೆಲವು ಹಕ್ಕಿಗಳು ತಾವಾಗಿ ಗಡಿ ದಾಟಿ ನ್ಯೂಯಾರ್ಕ್‌ನ ಪಶ್ಚಿಮ ಭಾಗಕ್ಕೆ ಬಂದವು. ಅದನ್ನು ಕಂಡು ಉತ್ಸಾಹಗೊಂಡ ಸರ್ಕಾರ 1952ರಲ್ಲಿ ಟರ್ಕಿ ಸಾಕುವ ಕೇಂದ್ರ ತೆರೆದು, ಎಂಟು ವರ್ಷಗಳಲ್ಲಿ 3,100ಕ್ಕೂ ಹೆಚ್ಚು ಹಕ್ಕಿಗಳನ್ನು ಕಾಡಿಗೆ ಬಿಟ್ಟಿತು. ಅವು ಬದುಕಲಿಲ್ಲ. ಪಂಜರದಲ್ಲಿ ಮೊಟ್ಟೆಯೊಡೆದ ಹಕ್ಕಿಗೆ ಎಲ್ಲಿ ಮಲಗಬೇಕು, ಯಾರಿಗೆ ಹೆದರಬೇಕು, ಹಿಮದಲ್ಲಿ ಎಲ್ಲಿ ಮೇಯಬೇಕು ಎಂದು ಹೇಳಿಕೊಡುವ ತಾಯಿ ಇರಲಿಲ್ಲ. 1959ರಿಂದ ಕ್ರಮ ಬದಲಾಯಿತು. ಕಾಡಿನಲ್ಲೇ ಹುಟ್ಟಿ ಬೆಳೆದ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು, ಹಕ್ಕಿಯಿಲ್ಲದ ಕಾಡುಗಳಲ್ಲಿ ಬಿಡತೊಡಗಿದರು. ಹೀಗೆ ರಾಜ್ಯದೊಳಗೆ ಸಾಗಿಸಿದ್ದು ಒಟ್ಟು ಸುಮಾರು 1,400 ಹಕ್ಕಿ ಮಾತ್ರ. ಅಷ್ಟರಿಂದಲೇ ಕಾಡು ತುಂಬಿತು. ವರ್ಮಾಂಟ್, ಮ್ಯಾಸಚೂಸೆಟ್ಸ್, ಕೆನಡಾದ ಒಂಟಾರಿಯೊಗಳಿಗೂ ಇಲ್ಲಿಂದ ಹಕ್ಕಿ ಹೋಯಿತು. ಇಂಥ ಕೆಲಸಗಳಿಗೆ ಹಣ ಬಂದದ್ದು ಬಹುಪಾಲು ಬೇಟೆಗಾರರ ಜೇಬಿನಿಂದಲೇ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳ ಪಾಲನೆಗೇ ಹೋಗುತ್ತದೆ. ಹೊಡೆಯುವವನೇ ಕಾಯುವುದಕ್ಕೂ ದುಡ್ಡು ಕೊಡುವ ಈ ಏರ್ಪಾಡು ನಮ್ಮ ಕಡೆಯ ಪರಿಸರಪ್ರೇಮಿ ಗೆಳೆಯರಿಗೆ ಒಪ್ಪಿಗೆಯಾಗುವುದಿಲ್ಲ. ಅವರ ಆಕ್ಷೇಪ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಲೆಕ್ಕ ಕಣ್ಣೆದುರಿಗೆ ಮೇಯುತ್ತಿದೆ.

ಕಾಡು ತಿರುಗುವವರಿಗೆ ಇಲ್ಲೊಂದು ಕಾಟವೂ ಇದೆ: ಉಣ್ಣೆ. ಏಪ್ರಿಲ್‌ನಲ್ಲಿ ಬಲಿತ ಉಣ್ಣೆಗಳು ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾದಿರುತ್ತವೆ, ಅವುಗಳಿಂದ ಲೈಮ್ ಕಾಯಿಲೆ ಬರುತ್ತದೆ. ಮಂಗನ ಕಾಯಿಲೆಯ ಸೀಮೆಯಿಂದ ಬಂದವನಿಗೆ ಉಣ್ಣೆಯ ಭಯ ಕಲಿಸಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಜ್ವರದ ಕತೆ ಕೇಳುತ್ತ ಬೆಳೆದವರು ನಾವು. ಊರಲ್ಲಿ ಮೈಗೆ ಡೆಪಾ ತೈಲ ಹಚ್ಚಿಕೊಂಡು ತೋಟಕ್ಕೆ ಇಳಿಯುತ್ತಿದ್ದರೆ ಇಲ್ಲಿ ಬಟ್ಟೆಗೆ ಪರ್ಮೆಥ್ರಿನ್ ಸಿಂಪಡಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳುತ್ತೇವೆ. ಮನೆಗೆ ಬಂದ ಮೇಲೆ ಮೈಯೆಲ್ಲ ಹುಡುಕಿಕೊಳ್ಳುವುದು ಎರಡೂ ಕಡೆ ಒಂದೇ.

ಇತ್ತೀಚೆಗೆ ಈ ಎಲ್ಲ ಕಷ್ಟವನ್ನೂ ತಪ್ಪಿಸುವ ದಾರಿಗಳು ಬಂದಿವೆ. ಮರಕ್ಕೆ ಕಟ್ಟಿದ ಕ್ಯಾಮೆರಾ ಹಕ್ಕಿ ಹಾದುಹೋದ ಕೂಡಲೇ ಚಿತ್ರವನ್ನು ಮೊಬೈಲಿಗೆ ಕಳುಹಿಸುತ್ತದೆ. ಜಮೀನಿನ ಗಡಿ, ಮಾಲೀಕರ ಹೆಸರು, ಗುಡ್ಡದ ಏರಿಳಿತಗಳನ್ನು ಪರದೆಯ ಮೇಲೆ ತೋರಿಸುವ ನಕ್ಷೆಗಳಿವೆ. ನಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಯಾರ ಜಮೀನಿಗೆ ಕಾಲಿಡುತ್ತಿದ್ದೇನೆ, ಯಾರ ಮನೆಯ ಬಾಗಿಲು ತಟ್ಟಿ ಒಪ್ಪಿಗೆ ಕೇಳಬೇಕು ಎಂದು ತಿಳಿಯುವುದು ಒಳ್ಳೆಯದೇ. ಕ್ಯಾಮೆರಾ ನನಗೆ ಸಪ್ಪೆ. ಹಕ್ಕಿ ಏಳು ಹತ್ತಕ್ಕೆ ಇಲ್ಲಿ ಹಾದುಹೋಯಿತು ಎಂದು ಅದು ಹೇಳುತ್ತದೆ. ಎಲ್ಲಿಂದ ಬಂತು, ಏಕೆ ಈ ದಾರಿ ಹಿಡಿಯಿತು, ಮಳೆ ಬಂದಿದ್ದರೆ ಏನು ಮಾಡುತ್ತಿತ್ತು ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ. ಮಳೆ ಬಂದರೆ ಟರ್ಕಿ ಕಾಡು ಬಿಟ್ಟು ಬಯಲಿಗೆ ಬರುತ್ತದೆ. ಎಲೆಗಳ ಮೇಲೆ ಹನಿ ಬೀಳುವ ಸದ್ದಿನಲ್ಲಿ ಶತ್ರುವಿನ ಹೆಜ್ಜೆ ಕೇಳಿಸದೆ ಹೋಗುತ್ತದೆ. ಹಾಗಾಗಿ ಕಣ್ಣಿಗೆ ದೂರದ ತನಕ ಕಾಣುವ ಜಾಗ ಅದಕ್ಕೆ ಬೇಕು. ತೊಟ್ಟಿಕ್ಕುವ ಟೋಪಿಯ ಕೆಳಗೆ, ಗದ್ದೆಯ ನಡುವೆ ಪೆಚ್ಚಾಗಿ ನಿಂತ ಹಕ್ಕಿಗಳನ್ನು ದುರ್ಬೀನಿನಲ್ಲಿ ನೋಡಿದವನಿಗೆ ಅದು ಮರೆಯುವುದಿಲ್ಲ.

ಸಂಜೆಯ ಕೆಲಸ ಇನ್ನೊಂದಿದೆ: ಹಕ್ಕಿಯನ್ನು ಮಲಗಿಸಿ ಬರುವುದು. ಹೊತ್ತು ಮುಳುಗುವಾಗ ಕಾಡಿನ ಅಂಚಿನಲ್ಲಿ ಸುಮ್ಮನೆ ನಿಂತಿದ್ದರೆ ಅವು ಮರ ಹತ್ತುವ ಸದ್ದು ಕೇಳುತ್ತದೆ. ಅಷ್ಟು ಭಾರದ ಮೈ ಕೊಂಬೆಯಿಂದ ಕೊಂಬೆಗೆ ಏರುವಾಗ ರೆಕ್ಕೆಗಳ ಬಡಿತ, ಮುರಿಯುವ ಕಡ್ಡಿ, ಸಾಲದ್ದಕ್ಕೆ ಜಾಗಕ್ಕಾಗಿ ಜಗಳ. ಯಾವ ಮರ ಎಂದು ಗೊತ್ತುಮಾಡಿಕೊಂಡು ಕತ್ತಲಾದ ಮೇಲೆ ಸದ್ದಿಲ್ಲದೆ ಹೊರಬರಬೇಕು. ಬೆಳಿಗ್ಗೆ ಆ ಮರದಿಂದ ಯಾವ ಕಡೆಗೆ ಇಳಿಯುತ್ತದೆ ಎಂಬುದನ್ನು ನೋಡಿದರೆ ದಿನಚರಿಯ ಮೊದಲ ಸಾಲು ಸಿಕ್ಕಂತೆ.

ಮೊದಲ ಸಾಲು ಮಾತ್ರ ಎನ್ನುವುದಕ್ಕೆ ಕಾರಣವಿದೆ. ಏಪ್ರಿಲ್ ಮಧ್ಯದಲ್ಲಿ ಹುಂಜ ಹೋಗುವುದು ಹೇಂಟೆಗಳು ಹೋದ ಕಡೆ. ಅವು ಮರದಿಂದ ಇಳಿದು ಗದ್ದೆಗೆ ಹೊರಟರೆ ಇದೂ ಗದ್ದೆಗೆ. ತಿಂಗಳ ಕೊನೆಗೆ ಹೇಂಟೆಗಳು ಮೊಟ್ಟೆಯಿಡಲು ಶುರುಮಾಡುತ್ತವೆ. ಸುಮಾರಾಗಿ ದಿನಕ್ಕೊಂದು ಮೊಟ್ಟೆ, ಒಟ್ಟು ಹತ್ತು ಹನ್ನೆರಡು. ಬೆಳಿಗ್ಗೆ ಹುಂಜದ ಜೊತೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಒಂದೊಂದಾಗಿ ಪೊದೆಯೊಳಗೆ ಜಾರಿಕೊಳ್ಳುತ್ತವೆ. ಲೆಕ್ಕ ಪೂರ್ತಿಯಾದ ಮೇಲೆ 28 ದಿನ ಕಾವು ಕೂರುತ್ತವೆ. ಒಂಟಿಯಾದ ಹುಂಜ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ತಾನೇ ಹುಡುಕಲು ಹೊರಡುತ್ತದೆ. ಬೇಟೆಯ ಋತುವನ್ನು ಮೇ ತಿಂಗಳಿಗೆ ಇಟ್ಟಿರುವುದೂ ಇದಕ್ಕೇ. ಆ ಹೊತ್ತಿಗೆ ಕೂಡುವ ಕೆಲಸ ಬಹುಪಾಲು ಮುಗಿದಿರುತ್ತದೆ, ಹೇಂಟೆಗಳು ಗೂಡಿನ ಮೇಲಿರುತ್ತವೆ, ಹುಂಜ ಹೋದರೂ ಸಂತತಿಗೆ ಧಕ್ಕೆಯಿಲ್ಲ. ಹೀಗೆ ಏಪ್ರಿಲ್‌ನಲ್ಲಿ ಕಲಿತ ದಿನಚರಿ ಮೇ ಮೊದಲ ವಾರಕ್ಕೆ ಅರ್ಧ ಹಳತಾಗಿರುತ್ತದೆ. ಹಳತಾಗದೆ ಉಳಿಯುವುದು ಜಾಗಗಳು: ಮೆರೆಯುವ ದಾರಿ, ಬೇಲಿ ಕುಸಿದ ತೆರಪು, ಧೂಳು ಮೀಯುವ ಗುಳಿ. ಒಂಟಿ ಹುಂಜ ಹುಡುಕುವುದು ಹೇಂಟೆಗಳು ಮೊದಲು ಸಿಕ್ಕಿದ್ದ ಜಾಗಗಳಲ್ಲೇ.

ಕಳೆದ ವರ್ಷ ನಮ್ಮ ಹಿರಿಯರು ಹುಂಜ ಹೊಡೆದದ್ದು ರೆಕ್ಕೆಯ ಗೀರು ಕಂಡಿದ್ದ ಆ ನಾಟಾ ದಾರಿಯ ತಿರುವಿನಲ್ಲಿ. ನಾನು ಪಕ್ಕದ ಮರಕ್ಕೆ ಒರಗಿದ್ದೆ. ಇಬ್ಬರ ಮೈಮೇಲೂ ಕೆಂಪು, ಬಿಳಿ, ನೀಲಿ ಬಣ್ಣದ ಒಂದು ದಾರವೂ ಇರಲಿಲ್ಲ. ಹುಂಜದ ತಲೆಯ ಬಣ್ಣ ಧರಿಸಿ ಕಾಡಿಗೆ ಬಂದವನ ಮೇಲೆ ಇನ್ನೊಬ್ಬನ ಚರೆ ಹಾರಬಹುದು ಎಂಬುದು ತರಗತಿಯ ಮೊದಲ ಪಾಠಗಳಲ್ಲೊಂದು. ಮರದ ಮೇಲಿದ್ದಾಗ ಹುಂಜ ಗುಡ್ಡ ಅದುರುವಂತೆ ಕೂಗಿತ್ತು, ಇಳಿದ ಮೇಲೆ ಮೌನ. ಅವರು ಪೆಟ್ಟಿಗೆಯನ್ನು ಹಗುರವಾಗಿ ತೀಡಿ ಕೆಳಗಿಟ್ಟರು. ಮತ್ತೆ ಮುಟ್ಟಲಿಲ್ಲ. ದೂರದ ರಸ್ತೆಯ ಕಡೆಯಿಂದ ಯಾರೋ ಎಡೆಬಿಡದೆ ಕರೆಯುತ್ತಿದ್ದರು. ಹುಂಜ ಆ ಕಡೆಗೂ ಹೋಗಲಿಲ್ಲ, ನಮ್ಮ ಕಡೆಗೆ ಬರುವ ಆತುರವನ್ನೂ ತೋರಿಸಲಿಲ್ಲ. ಬಿಸಿಲು ಚೆನ್ನಾಗಿ ಏರಿದ ಮೇಲೆ, ಒಂದು ಸದ್ದೂ ಮಾಡದೆ, ದಿನವೂ ನಡೆಯುವ ದಾರಿಯಲ್ಲಿ ದಿನವೂ ನಡೆಯುವ ಗತ್ತಿನಲ್ಲಿ ತಿರುವಿನಿಂದ ಈಚೆಗೆ ಬಂತು.

ಮನೆಯ ಹಿಂದೆ ಕೊಯ್ಯುವಾಗ ಅವರು ಮೊದಲು ಬಿಡಿಸಿದ್ದು ಕತ್ತಿನ ಬುಡದ ಕಾಳುಚೀಲವನ್ನು. ಹಸಿ ಹುಲ್ಲಿನ ಕುಡಿ, ಹಳೆಯ ಓಕ್ ಕಾಯಿಯ ತುಣುಕು, ಒಂದಷ್ಟು ಬಸವನಹುಳು. ಗದ್ದೆಯ ಜೋಳ ಒಂದು ಕಾಳೂ ಇರಲಿಲ್ಲ. ಅದರರ್ಥ ಹಕ್ಕಿ ಗದ್ದೆಗೆ ಇಳಿಯುವುದನ್ನೇ ಬಿಟ್ಟಿತ್ತು, ಬೆಳಗಿನಿಂದ ತೊರೆಯ ಪಕ್ಕದಲ್ಲೇ ಮೇಯುತ್ತ ಬಂದಿತ್ತು. ಅವರು ಮುಂದಿನ ವಾರ ಎಲ್ಲಿ ಕೂರಬೇಕೆಂದು ಅಲ್ಲಿಯೇ ತೀರ್ಮಾನಿಸಿದರು. ನನ್ನ ಪಾಲಿಗೆ ಬಂದ ತೊಡೆಯ ಮಾಂಸ ನಾರುನಾರು. ಕಾಳುಮೆಣಸು ಜಾಸ್ತಿ ಹಾಕಿ, ಕುಕ್ಕರಿನಲ್ಲಿ ನಾಟಿ ಕೋಳಿಗಿಂತ ಹೆಚ್ಚು ಹೊತ್ತು ಬೇಯಿಸಿ ಸಾರು ಮಾಡಿದೆವು. ಅಕ್ಕಿ ಕಡುಬಿನ ಜೊತೆ ಸೊಗಸಾಗಿಯೇ ಇತ್ತು. ನೆರೆಮನೆಗೆ ಕಳುಹಿಸಿದ ಪಾತ್ರೆ ಖಾಲಿಯಾಗಿ ವಾಪಸಾಯಿತು, ಖಾರದ ಬಗ್ಗೆ ಒಂದು ದೂರಿನ ಜೊತೆ.

ಮೇ ಮುಗಿದರೂ ನೋಡುವುದು ಮುಗಿಯುವುದಿಲ್ಲ. ಆಗಸ್ಟ್ ತಿಂಗಳಲ್ಲಿ ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆ ಜನರಿಂದ ಲೆಕ್ಕ ಕೇಳುತ್ತದೆ: ನೀವು ಕಂಡ ಗುಂಪಿನಲ್ಲಿ ಹೇಂಟೆ ಎಷ್ಟು, ಮರಿ ಎಷ್ಟು. ಹೇಂಟೆಗೆ ಸರಾಸರಿ ಎಷ್ಟು ಮರಿ ಉಳಿದಿದೆ ಎಂಬುದರ ಮೇಲೆ ಮುಂದಿನ ವರ್ಷಗಳ ಹಕ್ಕಿ ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ. ಮೇ ಕೊನೆ ಮತ್ತು ಜೂನ್‌ನಲ್ಲಿ ಚಳಿಮಳೆ ಹಿಡಿದರೆ ಎಳೆಮರಿಗಳು ನೆನೆದು ಸಾಯುತ್ತವೆ; ಮರ ಹತ್ತಿ ಮಲಗುವಷ್ಟು ರೆಕ್ಕೆ ಬಲಿಯಲು ಅವಕ್ಕೆ ಎರಡು ವಾರ ಬೇಕು, ಅಲ್ಲಿಯ ತನಕ ನೆಲದ ಮೇಲೆ ತಾಯಿಯ ರೆಕ್ಕೆಯಡಿಯೇ ಗತಿ. ಈ ಶತಮಾನದ ಆರಂಭದಲ್ಲಿ ಇದ್ದಷ್ಟು ಟರ್ಕಿ ಈಗ ಇಲ್ಲಿಲ್ಲ. ನಮ್ಮ ಹಿರಿಯರು ಕಳೆದ ಆಗಸ್ಟ್‌ನಲ್ಲಿ ಕೊಟ್ಟಿಗೆಯ ಹಿಂದಿನ ಗದ್ದೆಯಲ್ಲಿ ಎರಡು ಹೇಂಟೆಗಳನ್ನೂ ಅವುಗಳ ಹಿಂದೆ ಮಿಡತೆ ಬೆನ್ನಟ್ಟುತ್ತಿದ್ದ ಐದು ಮರಿಗಳನ್ನೂ ಕಂಡು ಬಂದರು. ಅವರಿಗೆ ಕಂಪ್ಯೂಟರ್ ಆಗದು. ಇಲಾಖೆಯ ಅರ್ಜಿಯಲ್ಲಿ ಆ ಲೆಕ್ಕ ತುಂಬಿದವನು ನಾನು. ಐದೋ ಆರೋ ಎಂದು ಒಮ್ಮೆ ಕೇಳಿದ್ದಕ್ಕೆ, ಹೋಗಿ ನೀನೇ ನೋಡಿ ಬಾ ಎಂದರು.